ಮೈಕಮ್ಮನ ಮಗಳ ದನಿ

ಬಸ್ ನಿಲ್ದಾಣದಲ್ಲಿ ಅವಳನ್ನು ಎಲ್ಲರೂ ಮೈಕಮ್ಮ ಎಂದೇ ಕರೆಯುತ್ತಿದ್ದರು. ಯಾವ ಗಾಡಿ ಎಲ್ಲಿ ಬಂದು ನಿಂತಿದೆ, ಯಾವುದು ತಡ, ಯಾರ ಚೀಲ ಟಿಕೆಟ್ ಕಿಟಕಿಯ ಹತ್ತಿರ ಸಿಕ್ಕಿದೆ ಎಂದು ಗಾಜಿನ ಗೂಡಿನಲ್ಲಿ ಕೂತು ಸಾರುವುದು ಹನ್ನೊಂದು ವರ್ಷದಿಂದ ಅವಳ ಕೆಲಸ. ಮುಖ ನೋಡದವರಿಗೂ ದನಿ ಗೊತ್ತು. ತರಕಾರಿ ಅಂಗಡಿಯಲ್ಲಿ ಅರ್ಧ ಕಿಲೋ ಬೀನ್ಸ್ ಕೇಳಿದರೆ ಸಾಕು, ಪಕ್ಕದಲ್ಲಿದ್ದವರು ತಿರುಗಿ, "ನೀವು ಮೈಕಮ್ಮ ಅಲ್ವಾ? ನಮ್ಮ ಬಸ್ಸು ಇವತ್ತಾದ್ರೂ ಟೈಮಿಗೆ ಬರುತ್ತಾ?" ಎಂದು ಕೇಳುತ್ತಿದ್ದರು.

ಇಂಥವಳ ಮಗಳು ಶಾಲೆಯಲ್ಲಿ ಬಾಯಿ ಬಿಡುವುದಿಲ್ಲ ಎಂದರೆ ಯಾರು ನಂಬಬೇಕು?

ಮನೆಯಲ್ಲಿ ಆ ಏಳು ವರ್ಷದ ಹುಡುಗಿಗೆ ರೇಡಿಯೋ ಎಂದು ಹೆಸರು. ಹಲ್ಲುಜ್ಜುವಾಗ ಶುರು ಹಚ್ಚಿದರೆ ಕಣ್ಣು ಮುಚ್ಚುವವರೆಗೆ ನಿಲ್ಲದು. ಅಜ್ಜಿಯ ಮೊಣಕಾಲಿನ ಸುದ್ದಿ, ಮಹಡಿ ಮೇಲಿನವರ ಬೆಕ್ಕು ಮರಿ ಹಾಕಿದ ಸುದ್ದಿ. ಅಪ್ಪ ಬಸ್ಸಿನ ಹಳೇ ಸೀಟುಗಳನ್ನು ಬಿಚ್ಚಿ ಹೊಸದಾಗಿ ಹೊಲಿಯುವವನು. ಅವನು ಸಂಜೆ ಬಂದ ಕೂಡಲೇ ಪ್ಯಾಂಟಿಗೆ ಅಂಟಿದ ಹತ್ತಿಯ ಎಳೆ ಕೀಳುತ್ತಾ, "ಅಪ್ಪಾ, ಇವತ್ತು ಎಷ್ಟು ಸೀಟು? ಡ್ರೈವರ್ ಸೀಟೂ ಸೇರಿನಾ?" ಎಂದು ವಿಚಾರಣೆ ನಡೆಸುವಳು.

ಅದೇ ಹುಡುಗಿ ಶಾಲೆಯ ಗೇಟು ದಾಟಿದಳೋ, ಭುಜ ಸೆಟೆದುಕೊಳ್ಳುತ್ತಿತ್ತು, ತುಟಿ ಅಂಟಿಕೊಳ್ಳುತ್ತಿತ್ತು. ಎರಡು ವರ್ಷವಾಯಿತು, ಹಾಜರಿ ಕರೆದಾಗಲೂ ಒಂದು ಮಾತಿಲ್ಲ. ಹೊರಗೆ ಹೋಗಬೇಕು ಎಂದು ಕೇಳಲಾಗದೆ ವಾರಕ್ಕೊಮ್ಮೆಯಾದರೂ ಒದ್ದೆ ಲಂಗವನ್ನು ಚೀಲದಲ್ಲಿಟ್ಟುಕೊಂಡು ಬರುತ್ತಿದ್ದಳು.

ಆ ವರ್ಷ ಹೊಸದಾಗಿ ಸೇರಿದ್ದ ಟೀಚರ್, ಇನ್ನೂ ಕೆಲಸ ಕಾಯಂ ಆಗದ ಚಿಕ್ಕ ವಯಸ್ಸಿನವಳು, ಒಂದು ದಿನ ಮೈಕಮ್ಮನನ್ನು ಕರೆಸಿದಳು.

"ತಪ್ಪು ತಿಳ್ಕೋಬೇಡಿ ಮೇಡಂ. ಮುಖ ಎತ್ತಿ ನೋಡಲ್ಲ, ಕರೆದ್ರೆ ತಿರುಗಲ್ಲ, ಆಟಕ್ಕೂ ಸೇರಲ್ಲ. ಆಟಿಸಂ ಇರಬಹುದೇನೋ ಅಂತ ನಂಗೆ ಅನುಮಾನ. ಒಂದ್ಸಲ ಡಾಕ್ಟರಿಗೆ ತೋರಿಸಿ."

"ಮನೇಲಿ ಕಿವಿ ತೂತಾಗೋ ಹಾಗೆ ಮಾತಾಡ್ತಾಳೆ ರೀ!"

"ಎಲ್ಲಾ ತಾಯಂದಿರೂ ಹಾಗೇ ಹೇಳ್ತಾರೆ ಮೇಡಂ," ಎಂದಳು ಟೀಚರ್, ಮೆತ್ತಗೆ.

ಆ ಮಾತು ಮೈಕಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಸಾರು ಬಡಿಸುತ್ತಾ ಬಡಿಸುತ್ತಾ ವಿಷಯ ಹೊರಹಾಕಿದಳು. ರೇಡಿಯೋ ಆಗಲೇ ಉಂಡು ಒಳಗೆ ಮಲಗಿದ್ದಳು.

"ಆಟಿಸಂ ಅಂದ್ರೆ?" ಎಂದರು ಅತ್ತೆ.

"ಬೇರೆಯವರ ಜೊತೆ ಬೆರೆಯೋಕೆ ಬರಲ್ವಂತೆ. ತಮ್ಮದೇ ಲೋಕ, ತಮ್ಮದೇ ಪದ್ಧತಿ."

ಮೂವರ ಕಣ್ಣೂ ಪಂಕ್ತಿಯ ಕೊನೆಗೆ ತಿರುಗಿದವು. ಅಲ್ಲಿ ಗಂಡನ ತಮ್ಮ ಕೂತಿದ್ದ. ಅನ್ನ ಒಂದು ಕಡೆ, ಪಲ್ಯ ಒಂದು ಕಡೆ, ಒಂದಕ್ಕೊಂದು ತಾಗದ ಹಾಗೆ ಮೊದಲು ಇದನ್ನು ಮುಗಿಸಿ ಆಮೇಲೆ ಅದನ್ನು ಉಣ್ಣುತ್ತಿದ್ದ. ಮೂವತ್ತನಾಲ್ಕು ವರ್ಷ. ಮಾರುಕಟ್ಟೆಯಲ್ಲಿ ತಕ್ಕಡಿ ರಿಪೇರಿ ಮಾಡುವ ಪುಟ್ಟ ಅಂಗಡಿ. ಮನೆಯಲ್ಲೂ ಅವನ ಹೆಸರು ತಕ್ಕಡಿಯೇ. ಸಂಜೆ ತೂಕದ ಕಲ್ಲುಗಳನ್ನು ಒರೆಸಿ ಸಾಲಾಗಿ ಜೋಡಿಸುವಾಗ ರೇಡಿಯೋ ಅವನ ಪಕ್ಕದಲ್ಲೇ ಇರಬೇಕು. ಅವಳು ವಟವಟ ಮಾತಾಡುವಳು, ಅವನು ಕಲ್ಲು ನೋಡುತ್ತಾ ಕೇಳುವನು.

"ಹೂಂ, ರಕ್ತ ಎಲ್ಲಿಗೆ ಹೋಗುತ್ತೆ," ಎಂದಳು ಮೈಕಮ್ಮ. "ಸಂಜೆಯೆಲ್ಲಾ ಇವನ ಜೊತೆ ಕಲ್ಲು ಜೋಡಿಸಿದ್ರೆ ಇನ್ನೇನಾಗುತ್ತೆ? ನೋಡಪ್ಪಾ, ಇನ್ಮೇಲೆ ನೀನು ಅವಳ ಹತ್ರ ಹೋಗ್ಬೇಡ."

ತಕ್ಕಡಿ ಅನ್ನದಿಂದ ತಲೆ ಎತ್ತದೆ ಕೇಳಿದ. "ಎಷ್ಟು ಹತ್ರ, ಅತ್ತಿಗೆ?"

"ಮಾತು ಕೇಳಿಸೋಷ್ಟೂ ಹತ್ರ ಬೇಡ!"

"ಸರಿ," ಎಂದ. ಪಲ್ಯ ಮುಗಿಸಿದ, ತಟ್ಟೆ ತೊಳೆದಿಟ್ಟು ಹಿಂದಿನ ಬಾಗಿಲಿನಿಂದ ಹೊರಗೆ ಹೋದ.

ಗಂಡ ಮಾತ್ರ, "ಅವನಿಗೆ ಯಾಕೆ ಅಂದೆ? ಅವನೇನು ಮಾಡಿದ?" ಎಂದು ಗೊಣಗಿದ. ಅತ್ತೆ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡು ಎದ್ದು ಹೋದರು.

ಮೈಕಮ್ಮನಿಗೆ ಸಮಾಧಾನವಾಗಲಿಲ್ಲ. ಎಲ್ಲಾ ತಾಯಂದಿರೂ ಹಾಗೇ ಹೇಳುತ್ತಾರಂತೆ! ಕಿವಿಯಾರೆ ಕೇಳಿಸಿದರೆ ಗೊತ್ತಾಗುತ್ತದೆ ಎಂದುಕೊಂಡು, ಎರಡು ದಿನ ಬಿಟ್ಟು, ಬೀನ್ಸ್ ಹೆಚ್ಚುವಾಗ ಫೋನನ್ನು ಉಪ್ಪಿನ ಡಬ್ಬದ ಹಿಂದೆ ಒರಗಿಸಿಟ್ಟಳು. ರೇಡಿಯೋ ಅಡುಗೆ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಬೆಕ್ಕಿನ ಮರಿಗಳ ವರದಿ ಒಪ್ಪಿಸುತ್ತಿದ್ದಳು. ಒಂದು ಮರಿಗೆ ಹೆಡ್‌ಮಾಸ್ಟರರ ಮೀಸೆ ಇದೆಯಂತೆ. ಅದು ಹೇಗೆ ನಡೆಯುತ್ತದೆ, ಹೇಗೆ ಕೆಮ್ಮುತ್ತದೆ, "ಏಯ್, ಸಾಲಲ್ಲಿ ನಿಂತ್ಕೊಳ್ಳಿ!" ಎಂದು ಉಳಿದ ಮರಿಗಳಿಗೆ ಹೇಗೆ ಗದರುತ್ತದೆ ಎಂದು ಮಾಡಿ ತೋರಿಸಿದಳು. ಆರು ನಿಮಿಷದ ಮಾತು ಫೋನಿನಲ್ಲಿ ಸೇರಿಕೊಂಡಿತು.

ಮಾರನೇ ದಿನ ಅದನ್ನು ಕೇಳಿ ಟೀಚರ್ ಮುಖ ಚಿಕ್ಕದಾಯಿತು. "ಕ್ಷಮಿಸಿ ಮೇಡಂ. ನಾನು ದುಡುಕಿದೆ. ಇದು ಬೇರೆ ಏನೋ ಇರಬೇಕು."

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಗೆದ್ದ ಬಾಯಿ ಸುಮ್ಮನಿರುತ್ತದೆಯೇ?

"ಇದನ್ನ ಕ್ಲಾಸಲ್ಲಿ ಹಾಕಿ ಟೀಚರ್, ಎಲ್ಲಾ ಮಕ್ಕಳೂ ಕೇಳ್ಲಿ. ಅವಳ ಭಯ ಬಿಟ್ಟೋಗುತ್ತೆ."

"ಅವಳಿಗೆ ಹೇಳಿ ಮಾಡೋಣ್ವಾ?"

"ಹೇಳಿದ್ರೆ ಬೇಡ ಅಂತಾಳೆ! ನಂಗೂ ಮೊದಲ ದಿನ ಮೈಕ್ ಮುಂದೆ ಗಂಟಲು ಒಣಗಿ ಹೋಗಿತ್ತು. ನಮ್ಮ ಆಫೀಸಿನ ಹಿರಿಯರು ನಂಗೆ ಹೇಳ್ದೆ ನನ್ನ ದನಿ ಹಿಡಿದು ಇಡೀ ನಿಲ್ದಾಣಕ್ಕೆ ಹಾಕಿಬಿಟ್ರು. ಕೇಳ್ದೆ ನೋಡಿ, ಅಯ್ಯೋ ಇಷ್ಟೇನಾ ಅನ್ಸ್ತು. ಅವತ್ತಿಂದ ಇವತ್ತಿನ ತನಕ ಹೆದರಿಕೆ ಅನ್ನೋದೇ ಗೊತ್ತಿಲ್ಲ."

ಟೀಚರ್ ಎರಡು ಸಲ ಯೋಚಿಸಿದಳು. ಆಮೇಲೆ, ತಾಯಿಯೇ ಹೇಳುವಾಗ ಎಂದು ಒಪ್ಪಿ, ಅದನ್ನು ತನ್ನ ಫೋನಿಗೆ ಹಾಕಿಸಿಕೊಂಡಳು.

ಅಂದು ಮಧ್ಯಾಹ್ನ ಹಾಕಿದಳು. ಮಕ್ಕಳು ಬಿದ್ದೂ ಬಿದ್ದೂ ನಕ್ಕರು. ಅದು ಕೆಟ್ಟ ನಗುವಲ್ಲ, ಖುಷಿಯ ನಗುವೇ. "ಅಯ್ಯೋ, ಇವಳಿಗೂ ಬಾಯಿದೆ!" ಎಂದು ಒಬ್ಬ ಕೂಗಿದ. ಬಿಡುವಿನಲ್ಲಿ ಹತ್ತು ಹನ್ನೆರಡು ಮಕ್ಕಳು ಸುತ್ತ ನಿಂತು, "ಇನ್ನೊಂದ್ಸಲ ಕೆಮ್ಮು, ಪ್ಲೀಸ್, ಹೆಡ್‌ಮಾಸ್ಟರ್ ಹಾಗೆ ಕೆಮ್ಮು," ಎಂದು ಪೀಡಿಸಿದರು.

ಸಂಜೆ ರೇಡಿಯೋ ಮನೆಗೆ ಬಂದು ಚೀಲ ಇಟ್ಟು, ಕೈಕಾಲು ತೊಳೆದು, ಗೋಡೆ ಕಡೆ ಮುಖ ಮಾಡಿ ಕೂತಳು. ಅಪ್ಪ ಬಂದರೂ ಹತ್ತಿಯ ಎಳೆ ಕೀಳಲಿಲ್ಲ. ಊಟಕ್ಕೆ ಕರೆದರೆ ಬಂದಳು, ಉಂಡಳು, ಮಾತಿಲ್ಲ. ಮಾರನೇ ದಿನವೂ ಇಲ್ಲ. ಮೂರನೇ ದಿನ ಅಜ್ಜಿ, "ಒಂದೇ ಒಂದು ಮಾತಾಡು ನನ್ನ ಚಿನ್ನ, ಬಿಸ್ಕತ್ತು ಕೊಡ್ತೀನಿ," ಎಂದು ಗಲ್ಲ ಹಿಡಿದು ಕೇಳಿದಾಗ, ಕಣ್ಣಲ್ಲಿ ನೀರು ತುಂಬಿಕೊಂಡಿತೇ ಹೊರತು ತುಟಿ ಬಿಚ್ಚಲಿಲ್ಲ.

ನಡೆದದ್ದನ್ನು ಪಕ್ಕದ ಮನೆಯ ಹುಡುಗಿ ಬಂದು ಹೇಳಿದಳು. ಅತ್ತೆ ನೆಲ ಗುಡಿಸುತ್ತಿದ್ದವರು ಪೊರಕೆ ಹಿಡಿದೇ ನೆಟ್ಟಗಾದರು.

"ಆ ಟೀಚರಮ್ಮನ ಮನೆ ಹಾಳಾಗ! ಮಗೂನ ಎಲ್ಲರ ಮುಂದೆ ಆಟದ ಗೊಂಬೆ ಮಾಡಿದ್ಲಲ್ಲ!"

"ಅವಳಿಗೆ ಆ ರೆಕಾರ್ಡು ಸಿಕ್ಕಿದ್ದಾದ್ರೂ ಎಲ್ಲಿಂದ?" ಎಂದು ಗಂಡ ಹೆಂಡತಿಯ ಕಡೆ ತಿರುಗಿದ.

ಮೈಕಮ್ಮ ಒಗೆದ ಬಟ್ಟೆ ಹಿಂಡುತ್ತಿದ್ದಳು. "ಕೇಳಿ ಅಂತ ಕೊಟ್ಟಿದ್ದೆ," ಎಂದಳು.

ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಉಳಿದರ್ಧ ಬಾಯಿಯವರೆಗೆ ಬಂದು ನಿಂತಿತು. ಅಷ್ಟರಲ್ಲಿ ಗಂಡ, "ಕೇಳೋಕೆ ಕೊಟ್ರೆ ಊರಿಗೆಲ್ಲಾ ಹಾಕೋದಾ? ಬರೆದುಕೊಡ್ತೀನಿ ಹೆಡ್‌ಮಾಸ್ಟರಿಗೆ," ಎಂದ. ಅವಳು ಬಟ್ಟೆಯನ್ನು ಇನ್ನೊಂದು ಸಲ ಹಿಂಡಿದಳು. ಹಿಂಡಲು ಅದರಲ್ಲಿ ನೀರೇ ಉಳಿದಿರಲಿಲ್ಲ.

ಮರುವಾರ ಮಕ್ಕಳ ಮನಸ್ಸಿನ ಡಾಕ್ಟರ ಹತ್ತಿರ ಹೋದರು. ಅತ್ತೆ ಹಠ ಹಿಡಿದು ತಕ್ಕಡಿಯನ್ನೂ ಹೊರಡಿಸಿದರು. "ಹೋಗೋದು ಹೋಗ್ತೀವಿ, ಇಬ್ಬರನ್ನೂ ನೋಡಿಬಿಡ್ಲಿ." ಬಸ್ಸಿನಲ್ಲಿ ಅವನು ಹಿಂದಿನ ಸೀಟಿಗೆ ಹೋಗಿ ಕೂತ. ಆಸ್ಪತ್ರೆಯಲ್ಲಿ ಎಲ್ಲರೂ ಬೆಂಚಿನ ಮೇಲೆ ಕೂತರೆ ಅವನು ಮೊಗಸಾಲೆಯ ಆ ತುದಿಯಲ್ಲಿ ನಿಂತಿದ್ದ.

ಡಾಕ್ಟರಮ್ಮ ಅವಸರದವರಲ್ಲ. ಹುಡುಗಿಯ ಮುಂದೆ ಬಣ್ಣದ ಕಡ್ಡಿ, ಹಾಳೆ ಇಟ್ಟು ಅವಳ ಪಾಡಿಗೆ ಬಿಟ್ಟರು. ಎಷ್ಟು ವರ್ಷಕ್ಕೆ ಮಾತು ಬಂತು, ಚಿಕ್ಕವಳಿದ್ದಾಗ ಬೆರಳು ಮಾಡಿ ತೋರಿಸುತ್ತಿದ್ದಳೇ, ಸುಳ್ಳು ಸುಳ್ಳೇ ಅಡುಗೆ ಮಾಡಿ ಬಡಿಸುವ ಆಟ ಆಡುತ್ತಿದ್ದಳೇ, ಮನೆಗೆ ನೆಂಟರು ಬಂದರೆ ಏನಾಗುತ್ತದೆ ಎಂದು ಒಂದೊಂದಾಗಿ ಕೇಳಿದರು. ನೆಂಟರು ಬಂದರೆ ಬಾಗಿಲ ಹಿಂದೆ ಸೇರುತ್ತಾಳೆ, ಅವರು ಚಪ್ಪಲಿ ಮೆಟ್ಟಿದ ಕೂಡಲೇ ಅವರ ನಡಿಗೆ ಅಣಕಿಸುತ್ತಾಳೆ ಎಂದರು ಅತ್ತೆ.

ಕೊನೆಗೆ, "ಅವರು ಯಾಕೆ ಅಷ್ಟು ದೂರ ನಿಂತಿದಾರೆ?" ಎಂದು ತಕ್ಕಡಿಯನ್ನು ಕರೆದರು. ಅವನು ಬಾಗಿಲವರೆಗೆ ಬಂದು ನಿಂತ.

"ಅತ್ತಿಗೆ ಹೇಳಿದಾರೆ. ಮಾತು ಕೇಳಿಸೋಷ್ಟು ಹತ್ರ ಹೋಗಬಾರದು ಅಂತ. ಹದಿನಾರು ದಿನ ಆಯ್ತು."

"ಮನೇಲಿ ಏನು ಮಾಡ್ತೀರಿ ಮತ್ತೆ?"

"ಹಿಂದಿನ ಬಾಗಿಲಿಂದ ಓಡಾಡ್ತೀನಿ. ಅವಳು ಮಲಗಿದ ಮೇಲೆ ಉಣ್ತೀನಿ." ಆಮೇಲೆ ಮೂಲೆ ನೋಡುತ್ತಾ, "ನಿಮ್ಮ ತೂಕದ ಮೆಷಿನ್ ಸಮ ನೆಲದ ಮೇಲಿಲ್ಲ. ತಪ್ಪು ತೋರಿಸುತ್ತೆ. ಬಂದೋರಿಗೆಲ್ಲಾ ತಪ್ಪೇ ಹೇಳಿರ್ತೀರಿ," ಎಂದ.

ಡಾಕ್ಟರಮ್ಮ ನಕ್ಕರು. ಮೈಕಮ್ಮ ತಲೆ ತಗ್ಗಿಸಿದಳು. ಹದಿನಾರು ದಿನ! ಅವನಿಗೆ ಅನ್ನ ಮುಚ್ಚಿಟ್ಟು ಮಲಗುತ್ತಿದ್ದವಳು ಅವಳೇ. ಅಂಗಡಿಯಲ್ಲಿ ಕೆಲಸ ಜಾಸ್ತಿ ಇರಬೇಕು ಎಂದುಕೊಂಡಿದ್ದಳೇ ಹೊರತು ಒಂದು ದಿನವೂ ಕೇಳಿರಲಿಲ್ಲ.

"ಆ ಮಾತು ವಾಪಸ್ ತಗೊಂಡೆ ಕಣಪ್ಪಾ," ಎಂದಳು.

"ಯಾವತ್ತಿಂದ?"

"ಈಗಿಂದ."

"ಸರಿ," ಎಂದು ಅವನು ಒಳಗೆ ಬಂದು ಹುಡುಗಿಯ ಪಕ್ಕದಲ್ಲಿ ಕೂತ. ಅವಳು ಒಂದು ಬಣ್ಣದ ಕಡ್ಡಿ ತೆಗೆದು ಅವನ ಮುಂದಿಟ್ಟಳು.

ಮೂರು ಸಲ ನೋಡಿ, ಶಾಲೆಯಿಂದಲೂ ವಿಚಾರಿಸಿ ತರಿಸಿಕೊಂಡ ಮೇಲೆ ಡಾಕ್ಟರಮ್ಮ ಬಿಡಿಸಿ ಹೇಳಿದರು.

"ನಿಮ್ಮ ಮಗಳಿಗಿರೋದು ಸೆಲೆಕ್ಟಿವ್ ಮ್ಯೂಟಿಸಂ. ಕೆಲವು ಕಡೆ, ಕೆಲವರ ಮುಂದೆ ಮಾತು ಕಟ್ಟಿಹೋಗುತ್ತೆ. ಹಠ ಅಲ್ಲ, ಸೊಕ್ಕಲ್ಲ, ಭಯ. ಆ ಭಯಕ್ಕೇ ಮೈ ಸೆಟೆದುಕೊಳ್ಳುತ್ತೆ, ಮುಖ ಎತ್ತೋಕಾಗಲ್ಲ. ಶಾಲೇಲಿ ಮಾತ್ರ ನೋಡಿದೋರಿಗೆ ಆಟಿಸಂ ಅನ್ಸೋದು ಸಹಜ. ಆದ್ರೆ ಧೈರ್ಯ ಇರೋ ಕಡೆ ಇವಳು ಮಾತಾಡ್ತಾಳೆ, ಕಣ್ಣಿಟ್ಟು ನೋಡ್ತಾಳೆ, ಅಣಕಿಸ್ತಾಳೆ, ಆಟ ಕಟ್ತಾಳೆ. ಆಟಿಸಂ ಇದ್ರೆ ಅದರ ಗುರುತು ಚಿಕ್ಕಂದಿನಿಂದ ಮನೇಲೂ ಹೊರಗೂ ಇರುತ್ತೆ. ಬೆರೆಯೋ ರೀತಿ, ದಿನಚರಿ, ರುಚಿ, ಸದ್ದು, ಎಲ್ಲದರಲ್ಲೂ. ಕೆಲವರಿಗೆ ಎರಡೂ ಇರುತ್ತೆ, ಕೆಲವರು ಹೊರಗಡೆ ಮುಚ್ಚಿಟ್ಕೊಂಡು ನಡೀತಾರೆ. ಅದಕ್ಕೇ ಒಂದೇ ಸಲಕ್ಕೆ ನಾನು ಹೇಳಲಿಲ್ಲ."

"ನನ್ನ ಮಗನಿಗೆ?" ಎಂದರು ಅತ್ತೆ.

"ಅವರಿಗೆ ಆಟಿಸಂ ಇದೆ ಅಂತ ನಂಗನ್ಸುತ್ತೆ. ದೊಡ್ಡವರನ್ನ ನೋಡೋ ಡಾಕ್ಟರು ಬೇರೆ ಇದಾರೆ, ಅವರಿಗೆ ಇಷ್ಟ ಇದ್ರೆ ತೋರಿಸಿ. ಅವರು ನನ್ನ ಹತ್ರ ಆಡಿದ ಮಾತನ್ನೇ ಮಾರುಕಟ್ಟೇಲೂ ಆಡ್ತಾರೆ, ಮಂತ್ರಿ ಬಂದ್ರೂ ಆಡ್ತಾರೆ. ಮಾತು ಅವರಿಗೆ ಎಲ್ಲೂ ಕಟ್ಟಲ್ಲ. ಇದು ಒಬ್ಬರಿಂದ ಒಬ್ಬರಿಗೆ ಅಂಟಿಕೊಳ್ಳೋದೂ ಅಲ್ಲ."

ಬಸ್ಸಿನಲ್ಲಿ ಬರುವಾಗ ಅತ್ತೆ ಕಿಟಕಿಯ ಕಡೆ ನೋಡುತ್ತಾ, "ಕಣ್ಣು ನೋಡಿ ಮಾತಾಡು ಅಂತ ಇವನ ಗಲ್ಲ ತಿರುಗಿಸಿ ತಿರುಗಿಸಿ ಹೊಡೀತಿದ್ದೆ ಕಣೇ," ಎಂದರು. ಮೈಕಮ್ಮ ಅವರ ಕೈ ಮೇಲೆ ಕೈ ಇಟ್ಟಳು. ತನ್ನದನ್ನು ಆಗಲೂ ಹೇಳಲಿಲ್ಲ. ಡಾಕ್ಟರಮ್ಮ ಕೇಳಿದಾಗಲೂ, "ಟೀಚರ್ ಹಾಕಿಬಿಟ್ರು," ಎಂದಷ್ಟೇ ಹೇಳಿದ್ದಳು.

ಮನೆಯಲ್ಲಿ ಹೊಸ ಕಟ್ಟಳೆಗಳು ಶುರುವಾದವು. ಮಾತಾಡು ಅನ್ನಬಾರದು. ಪ್ರಶ್ನೆ ಮೇಲೆ ಪ್ರಶ್ನೆ ಕೇಳಬಾರದು. ಬಿಸ್ಕತ್ತಿನ ಆಸೆ ತೋರಿಸಬಾರದು. ಮಾತು ಬಂದರೆ ಹಬ್ಬ ಮಾಡಬಾರದು, ಬಂದದ್ದೇ ಗೊತ್ತಿಲ್ಲದವರ ಹಾಗೆ ಇರಬೇಕು. ಅತ್ತೆಗೆ ಇದು ಬಲು ಕಷ್ಟವಾಯಿತು. "ಬಾಯಿ ಮುಚ್ಕೊಂಡಿರೋ ಔಷಧಿ ನಂಗೇ ಕೊಟ್ಟಿದಾಳೆ ಆ ಡಾಕ್ಟರಮ್ಮ," ಎಂದು ಗೊಣಗುತ್ತಾ ಬೆಳ್ಳುಳ್ಳಿ ಸುಲಿಯುವರು.

ಹತ್ತನೇ ದಿನವಿರಬೇಕು. ಮೈಕಮ್ಮ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ನಡುಮನೆ ದಾಟುವಾಗ, ಒಳಗೆ ತಕ್ಕಡಿ ಕಲ್ಲು ಜೋಡಿಸುತ್ತಿದ್ದ.

"ಇನ್ನೂರು," ಎಂದಿತು ಒಂದು ಪಿಸುದನಿ.

"ಅಲ್ಲ, ನೂರು," ಎಂದ ತಕ್ಕಡಿ, ಮಧ್ಯೆ ಏನೂ ಆಗೇ ಇಲ್ಲವೇನೋ ಎಂಬಂತೆ.

"ಅಲ್ಲ, ಇನ್ನೂರು. ನೋಡು ಬೇಕಾದ್ರೆ."

"ಹೌದು. ಇನ್ನೂರು."

ಮೈಕಮ್ಮ ನಿಂತಲ್ಲೇ ನಿಂತಳು. ಬಕೆಟ್ಟಿನ ಅಂಚಿನಿಂದ ನೀರು ತೊಟ್ಟಿಕ್ಕಿ ಪಾದ ನೆನೆಯಿತು. ಒಂದು ಹೆಜ್ಜೆ ಮುಂದಿಟ್ಟಳು ಅಷ್ಟೇ, ಬಕೆಟ್ಟಿನ ಹಿಡಿ ಸದ್ದು ಮಾಡಿತು, ಒಳಗೆ ದನಿ ಪಟಕ್ಕನೆ ನಿಂತಿತು.

ಆ ವಾರದ ಕೊನೆಗೆ ಅಜ್ಜಿಗೆ ಎರಡು ಮಾತು ಸಿಕ್ಕಿತು. ಆಮೇಲೆ ಒಂದು ಸಂಜೆ ಅಪ್ಪನ ಪ್ಯಾಂಟಿನ ಹತ್ತಿ ಕೀಳುತ್ತಾ, "ಡ್ರೈವರ್ ಸೀಟಾ?" ಎಂದಳು. ಅವನು ತಿರುಗಿ ನಿಂತು ಕಣ್ಣೊರೆಸಿಕೊಂಡು, "ಹೂಂ, ಮಾಮೂಲಿ," ಎಂದ. ಅಮ್ಮನಿಗೆ ಮಾತ್ರ ಇಲ್ಲ. ಅಮ್ಮ ಕೋಣೆಗೆ ಕಾಲಿಟ್ಟರೆ ಎಲ್ಲಾ ಬಂದ್. ಗಾಜಿನ ಗೂಡಿನಲ್ಲಿ ಕೂತು "ಪ್ರಯಾಣಿಕರ ಗಮನಕ್ಕೆ" ಎನ್ನುವಾಗ ಮೈಕಮ್ಮನ ದನಿ ಈಚೆಗೆ ಒಡೆಯುತ್ತಿತ್ತು. ಶೀತವೇ ಎಂದು ಜೊತೆಯವರು ಕೇಳಿದರು. ಹೂಂ ಎಂದಳು.

ಕ್ಲಾಸಿನಲ್ಲಿ ರೆಕಾರ್ಡು ಹಾಕಿದ ಆರನೇ ವಾರದ ಒಂದು ಸಂಜೆ, ಎಲ್ಲರೂ ಊಟಕ್ಕೆ ಕೂತಿದ್ದರು. ಅತ್ತೆ ರೊಟ್ಟಿ ಮುರಿಯುತ್ತಾ ಗೆಲುವಿನಿಂದ ಹೇಳಿದರು.

"ಪಕ್ಕದ ಮನೆಯವಳು ಹೇಳಿದ್ಲು. ಆ ಟೀಚರಮ್ಮನ್ನ ಈ ತಿಂಗಳಿಗೆ ಬಿಡಿಸ್ತಾರಂತೆ. ನನ್ನ ಮಗ ಬರೆದುಕೊಟ್ಟಿದ್ದು ಕೆಲಸ ಮಾಡ್ತು ನೋಡು. ತಪ್ಪೆಲ್ಲಾ ನಂದೇ ಅಂತ ಅವಳೇ ಬರೆದುಕೊಟ್ಟಿದಾಳಂತೆ."

"ಯಾರ ಮೇಲೂ ಹಾಕಲಿಲ್ವಾ?" ಎಂದಳು ಮೈಕಮ್ಮ.

"ಯಾರ ಮೇಲೆ ಹಾಕ್ತಾಳೆ? ಮಾಡಿದೋಳು ಅವಳೇ ತಾನೇ!"

ಮೈಕಮ್ಮ ಲೋಟ ಎತ್ತಿದಳು. ನೀರು ಕುಡಿದಳು. ಗಂಡ ಪಲ್ಯ ಕೇಳಿದ, ಬಡಿಸಿದಳು. ಎದುರಿಗೆ ಮಗಳು ಮೊಟ್ಟೆಯ ಸಿಪ್ಪೆ ಬಿಡಿಸುತ್ತಿದ್ದಳು. ಮೈಕಮ್ಮ ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಬರೀ ಉಸಿರು ಬಂತು. ಮೂರನೇ ಸಲ ಮಾತು ಬಂತು.

"ನಾನೇ ಹೇಳಿದ್ದು."

"ಏನು?"

"ಕ್ಲಾಸಲ್ಲಿ ಹಾಕಿ ಅಂತ. ಟೀಚರು ಮೊದಲು ಮಗೂನ ಕೇಳೋಣ ಅಂತಿದ್ಲು. ನಾನೇ ಒತ್ತಾಯ ಮಾಡ್ದೆ."

ಗಂಡನ ಕೈ ತಟ್ಟೆಯಲ್ಲೇ ನಿಂತಿತು. "ಮತ್ತೆ ನಾನು ಬರೆಯುವಾಗ ಪಕ್ಕದಲ್ಲೇ ಇದ್ದೆಯಲ್ಲೇ! ಪೆನ್ನು ತಂದುಕೊಟ್ಟೋಳು ನೀನು!"

"ಹೌದು."

"ಊರಿಗೆಲ್ಲಾ ಮೈಕಲ್ಲಿ ಹೇಳ್ತೀಯ," ಎಂದರು ಅತ್ತೆ, ದನಿ ಏರಿಸಿ, "ಮನೇಲಿ ಒಂದು ಮಾತು ಹೇಳೋಕೆ ಒಂದೂವರೆ ತಿಂಗಳು ಬೇಕಾಯ್ತಾ? ಅದರ ಶಾಪ ಎಲ್ಲಾ ನನ್ನ ಬಾಯಲ್ಲಿ ಆ ಹುಡುಗಿಗೆ ಹಾಕಿಸಿದ್ಯಲ್ಲಾ!"

"ಭಯ ಆಯ್ತು ಅತ್ತೆ."

"ಸಾರು ಆರ್ತಾ ಇದೆ," ಎಂದ ತಕ್ಕಡಿ. ಯಾರೂ ನಗಲಿಲ್ಲ. ಅವನೊಬ್ಬನೇ ಬಡಿಸಿಕೊಂಡ.

"ನಾಳೆ ಬೆಳಿಗ್ಗೆ ನೀನೇ ಹೋಗಿ ಹೆಡ್‌ಮಾಸ್ಟರಿಗೆ ಹೇಳ್ಬೇಕು," ಎಂದು ಗಂಡ ಎದ್ದು ಕೈ ತೊಳೆದ. ಅರ್ಧ ತಟ್ಟೆ ಹಾಗೇ ಉಳಿಯಿತು.

ಹೋದಳು. ಹೆಡ್‌ಮಾಸ್ಟರರ ಮುಂದೆ ನಿಂತೇ ಹೇಳಿದಳು, ಬರೆದೂ ಕೊಟ್ಟಳು. ಅವರು ಮೀಸೆ ಸವರಿ, ಕೆಮ್ಮಿ, "ನೋಡೋಣ, ಮೇಲಿನವರನ್ನ ಕೇಳ್ಬೇಕು," ಎಂದರು. ಹೊರಗೆ ಟೀಚರ್ ಸಿಕ್ಕಿದಳು. ಮೈಕಮ್ಮ ಕೈ ಮುಗಿಯಲು ಹೋದರೆ ತಡೆದಳು.

"ನಾನೂ ಆಗಲ್ಲ ಅನ್ನಬಹುದಿತ್ತು ಮೇಡಂ. ನೀವು ಅಷ್ಟು ಜೋರಾಗಿ ಹೇಳಿದ್ರಲ್ಲ, ನಂಗೆ ಬಾಯಿ ಬರಲಿಲ್ಲ."

ಅವತ್ತು ಮನೆಯಲ್ಲಿ ಯಾರೂ ಅವಳ ಜೊತೆ ಹೆಚ್ಚು ಮಾತಾಡಲಿಲ್ಲ. ಕೂಗಾಟವೂ ಇರಲಿಲ್ಲ. ಸಂಜೆಯ ಊಟ ಮುಗಿದ ಮೇಲೆ ಅವಳು ಪಾತ್ರೆ ತೊಳೆಯಲು ನಿಂತಳು. ಅತ್ತೆ ಮೊಣಕಾಲಿಗೆ ಎಣ್ಣೆ ಹಚ್ಚಲು ಒಳಗೆ ಹೋದರು. ಪಾತ್ರೆ ಒರೆಸುವ ಬಟ್ಟೆ ಹಿಡಿದು ಯಾರೋ ಪಕ್ಕಕ್ಕೆ ಬಂದು ನಿಂತ ಹಾಗಾಯಿತು. ಮಗಳು. ಮೈಕಮ್ಮ ತಿರುಗಿ ನೋಡಲಿಲ್ಲ. ತೊಳೆದ ಲೋಟ ಇಟ್ಟಳು, ಮಗಳು ಒರೆಸಿದಳು. ಇನ್ನೊಂದು ಇಟ್ಟಳು, ಒರೆಸಿದಳು.

"ನಂಗೆ ಅವತ್ತೇ ಗೊತ್ತಿತ್ತು," ಎಂದಿತು ದನಿ.

ಮೈಕಮ್ಮನ ಕೈಯಲ್ಲಿದ್ದ ಸೋಪು ಜಾರಿತು. ಹುಡುಕಿ ತೆಗೆದು ತಟ್ಟೆ ಉಜ್ಜತೊಡಗಿದಳು.

"ನೀನೇ ಕೊಟ್ಟಿದ್ದು ಅಂತ. ಅದ್ರಲ್ಲಿ ನೀನೂ ನಗ್ತಿದ್ದೆ. ಮೊದಲು ನೀನು ನಕ್ಕೆ. ಆಮೇಲೆ ಕ್ಲಾಸಲ್ಲಿ ಎಲ್ಲರೂ ನಕ್ರು."

ಅಷ್ಟು ವಾರ ಅವಳು ಗಂಡನಿಂದ ಬಚ್ಚಿಟ್ಟಿದ್ದಳು, ಅತ್ತೆಯಿಂದ, ಡಾಕ್ಟರಮ್ಮನಿಂದ ಬಚ್ಚಿಟ್ಟಿದ್ದಳು. ಬಚ್ಚಿಡಲಾಗದ ಒಬ್ಬಳೇ ಒಬ್ಬಳು ದಿನವೂ ಎದುರಿಗೆ ಕೂತು ಉಣ್ಣುತ್ತಿದ್ದಳು. ಆಟಕ್ಕೆ ನಕ್ಕೆ, ಮುದ್ದಿಗೆ ನಕ್ಕೆ, ನಿನ್ನ ಒಳ್ಳೆಯದಕ್ಕೇ ಕೊಟ್ಟೆ ಎಂದು ಹೇಳಲು ನೂರು ಮಾತುಗಳಿದ್ದವು. ಮೈಕಮ್ಮ ಒಂದನ್ನೂ ಆಡಲಿಲ್ಲ.

"ಹೌದು," ಎಂದಳು. "ನಕ್ಕಿದ್ದು ನಾನೇ. ನಿನ್ನ ಕೇಳ್ದೆ ಕೊಟ್ಟಿದ್ದೂ ನಾನೇ. ತಪ್ಪು ಮಾಡ್ದೆ."

ಮಗಳು ಸ್ವಲ್ಪ ಹೊತ್ತು ನಿಂತಿದ್ದಳು, ಇನ್ನೂ ಏನಾದರೂ ಬರುತ್ತದೇನೋ ಎಂದು ಕಾಯುವವಳ ಹಾಗೆ. ಏನೂ ಬರದಿದ್ದಾಗ ಕೈ ಚಾಚಿ ತಟ್ಟೆ ತೆಗೆದುಕೊಂಡಳು. ದೀಪದ ಕಡೆ ಹಿಡಿದು ಓರೆ ಮಾಡಿ ನೋಡಿದಳು.

"ಇನ್ನೂ ಜಿಡ್ಡಿದೆ," ಎಂದು ಅದನ್ನು ಸಿಂಕಿಗೇ ವಾಪಸ್ಸು ಹಾಕಿದಳು.

ಮೈಕಮ್ಮ ಮತ್ತೆ ಮೊದಲಿನಿಂದ ತೊಳೆದಳು.